ಒಂದೇ ಸೆಲ್‌ನ ಟಾರ್ಚ್‌ಗೆ ಯಾವ ಡ್ರೈವರ್? ಮೂರನ್ನೂ ಕಟ್ಟಿ ನೋಡಿದೆ

ಒಂದು 18650 ಲೀಥಿಯಂ ಸೆಲ್ ಇಟ್ಟುಕೊಂಡು ಟಾರ್ಚ್ ಕಟ್ಟಲು ಕೂತರೆ ಮೊದಲು ತಲೆ ತಿನ್ನುವುದು ಡ್ರೈವರ್, ಅಂದರೆ ಎಲ್‌ಇಡಿಗೆ ಹರಿಯುವ ಕರೆಂಟನ್ನು ಹಿಡಿತದಲ್ಲಿಡುವ ಸರ್ಕ್ಯೂಟ್. ಸೆಲ್ ತುಂಬಿದಾಗ 4.2 ವೋಲ್ಟ್, ಬರಿದಾಗುವ ಹೊತ್ತಿಗೆ 3. ಬಿಳಿ ಎಲ್‌ಇಡಿಗೆ ಬೇಕಾದದ್ದು ಸುಮಾರು 3 ವೋಲ್ಟ್. ಎರಡೂ ಇಷ್ಟು ಹತ್ತಿರ ಇರುವುದರಿಂದಲೇ ಆಯ್ಕೆ ಕಷ್ಟ. ಮೂರು ಬಗೆಯ ಡ್ರೈವರ್ ಕಟ್ಟಿ, ಒಂದೇ 2600 ಎಂಎಎಚ್ (ಮಿಲಿಆಂಪ್-ಅವರ್) ಸೆಲ್‌ನಲ್ಲಿ ಓಡಿಸಿದೆ.

ಮೊದಲನೆಯದು ಬರೀ ಒಂದು ರೆಸಿಸ್ಟರ್, ಅದರ ವಿಷಯ ಬೇಗ ಮುಗಿಯುತ್ತದೆ. 1.5 ಓಮ್, 2 ವಾಟ್‌ನದು ಹಾಕಿದೆ. ಸೆಲ್ ತುಂಬಿದ್ದಾಗ 0.75 ಆಂಪಿಯರ್ ಹರಿಯಿತು. 3.5 ವೋಲ್ಟ್‌ಗೆ ಇಳಿದಾಗ ಹೆಚ್ಚುಕಡಿಮೆ ಅದರ ಅರ್ಧ. ಬೆಳಕು ಮೊದಲಿನಿಂದಲೇ ಕುಗ್ಗುತ್ತಾ ಹೋಗುತ್ತದೆ. ಮೇಜಿನ ಮೇಲೆ ಎಲ್‌ಇಡಿ ಪರೀಕ್ಷೆ ಮಾಡಲು ಸಾಕು, ಟಾರ್ಚ್‌ಗೆ ಬೇಡ.

ನಿಜವಾದ ಪೈಪೋಟಿ ಇರುವುದು ಉಳಿದ ಎರಡರ ನಡುವೆ. ಒಂದು, ಎಎಂಸಿ 7135 ಚಿಪ್‌ನ ಲೀನಿಯರ್ ಡ್ರೈವರ್, ಅಂದರೆ ಹೆಚ್ಚುವರಿ ವೋಲ್ಟೇಜನ್ನು ತಾನೇ ನುಂಗಿ ಕರೆಂಟ್ ಸ್ಥಿರವಾಗಿಡುವಂಥದ್ದು. ಒಂದು ಚಿಪ್ 350 ಮಿಲಿಆಂಪ್ ಕೊಡುತ್ತದೆ. ಎರಡನ್ನು ಪ್ಯಾರಲಲ್ ಹಾಕಿ ಒಂದು ಎಲ್‌ಇಡಿಗೆ 700 ಮಾಡಿಕೊಂಡೆ. ಇನ್ನೊಂದು, ಎಂಟಿ 3608 ಬೂಸ್ಟ್ ಮಾಡ್ಯೂಲ್, ಅಂದರೆ ಸೆಲ್‌ನ ವೋಲ್ಟೇಜನ್ನು ಏರಿಸಿ ಕೊಡುವಂಥದ್ದು. ಅದರಲ್ಲಿ ಎರಡು ಎಲ್‌ಇಡಿ ಸೀರೀಸ್‌ನಲ್ಲಿ, 350 ಮಿಲಿಆಂಪ್. ಲೆಕ್ಕ ಹಾಕಿದರೆ ಎರಡು ಕಡೆಯೂ ಎಲ್‌ಇಡಿಗೆ ಸಿಗುವುದು 2.1 ವಾಟ್. ಹೋಲಿಕೆ ಸಮವಾಗಿರಲಿ ಅಂತ ಹೀಗೆ ಮಾಡಿದೆ.

ಬೂಸ್ಟ್ ಗೆದ್ದೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ಲೀನಿಯರ್ ಚಿಪ್ ಹೆಚ್ಚುವರಿ ವೋಲ್ಟೇಜನ್ನು ಸುಮ್ನೆ ಬಿಸಿ ಮಾಡಿ ಕಳೆಯುತ್ತದೆ ಅಲ್ವಾ? ಹೌದು, ಸೆಲ್ ತುಂಬಿದ್ದಾಗ ಎಲ್‌ಇಡಿಗೆ ಮುಟ್ಟುವುದು ನೂರಕ್ಕೆ 71 ಭಾಗ ಮಾತ್ರ. ಆದರೆ ಸೆಲ್ 4.2ರಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ? ಅದು ಹೆಚ್ಚು ಹೊತ್ತು ಕಳೆಯುವುದು 3.8ರಿಂದ 3.5ರ ನಡುವೆ. 3.7ರಲ್ಲಿ ಅದೇ ಲೆಕ್ಕ 81 ಆಗುತ್ತದೆ, 3.4ರಲ್ಲಿ 88.

ಈಗ ಬೂಸ್ಟ್ ನೋಡಿ. ಎಂಟಿ 3608 ಮೂಲತಃ ವೋಲ್ಟೇಜ್ ಸ್ಥಿರವಾಗಿಡುವ ಚಿಪ್. ಕರೆಂಟ್ ಸ್ಥಿರವಾಗಿಡಬೇಕಾದರೆ ಎಲ್‌ಇಡಿ ಕೆಳಗೆ 1.7 ಓಮ್ ಹಾಕಿ, ಅಲ್ಲಿಂದ ಫೀಡ್‌ಬ್ಯಾಕ್ ಪಿನ್‌ಗೆ (ಔಟ್‌ಪುಟ್ ಎಷ್ಟಿದೆ ಅಂತ ಚಿಪ್ ನೋಡಿಕೊಳ್ಳುವ ಕಾಲು) ತಂತಿ ಕೊಡಬೇಕು. ಆ ಪಿನ್‌ಗೆ 0.6 ವೋಲ್ಟ್ ಬೇಕು, ಅಂದರೆ ರೆಸಿಸ್ಟರಿನಲ್ಲೇ 0.2 ವಾಟ್ ಹೋಯಿತು. ಚಿಪ್ ಮತ್ತು ಕಾಯಿಲ್ ನುಂಗುವುದು ಬೇರೆ. 3.7 ವೋಲ್ಟ್‌ನಲ್ಲಿ ಸೆಲ್‌ನಿಂದ ಎಳೆದ ಕರೆಂಟ್ ಅಳೆದೆ: 0.7 ಆಂಪಿಯರ್. ಲೀನಿಯರ್ ಎಳೆಯುವುದೂ ಅಷ್ಟೇ! ಇನ್ನೊಮ್ಮೆ ಅಳೆದರೂ ಅದೇ ಬಂತು. (ಮಲ್ಟಿಮೀಟರನ್ನು ನೇರ ಸರ್ಕ್ಯೂಟ್‌ನಲ್ಲಿ ಸಿಕ್ಕಿಸಬೇಡಿ, ಅದರ ತಂತಿಯೇ ವೋಲ್ಟೇಜ್ ತಿನ್ನುತ್ತದೆ. 0.1 ಓಮ್ ರೆಸಿಸ್ಟರ್ ಇಟ್ಟು, ಅದರ ಮೇಲಿನ ಮಿಲಿವೋಲ್ಟ್ ಓದಿ.)

ಬೂಸ್ಟ್‌ಗೆ ಒಂದು ಒಳ್ಳೆಯ ಗುಣ ಇದೆ. ಎಲ್‌ಇಡಿಗಳು ಕಡಿಮೆ ಕರೆಂಟ್‌ನಲ್ಲಿ ಉರಿಯುವುದರಿಂದ ಅದೇ ವಾಟ್‌ಗೆ ಬೆಳಕು ಸ್ವಲ್ಪ ಜಾಸ್ತಿ. ಆದರೆ ಆ ಬೆಳಕು ಹರಡಿಕೊಳ್ಳುತ್ತದೆ. ದೂರಕ್ಕೆ ಬೀಳಬೇಕಾದರೆ ಒಂದೇ ಎಲ್‌ಇಡಿ, ಒಂದು ರಿಫ್ಲೆಕ್ಟರ್ ವಾಸಿ.

ನನ್ನ ಮನಸ್ಸು ಬೂಸ್ಟ್‌ನಿಂದ ದೂರ ಸರಿದದ್ದು ಒಂದು ಸಡಿಲ ಬೆಸುಗೆಯಿಂದ. ಎಲ್‌ಇಡಿ ತಂತಿ ಕಿತ್ತು ಬಂತು. ಫೀಡ್‌ಬ್ಯಾಕ್ ಸೊನ್ನೆಯಾಯಿತು. ಚಿಪ್ ಕರೆಂಟ್ ಸಾಲದು ಅಂತ ವೋಲ್ಟೇಜ್ ಏರಿಸುತ್ತಲೇ ಹೋಯಿತು, ತನ್ನ 28 ವೋಲ್ಟ್ ಮಿತಿ ದಾಟಿ ಸತ್ತಿತು. ಬೂಸ್ಟ್ ಕಟ್ಟುವವರು ಔಟ್‌ಪುಟ್‌ನಿಂದ ಫೀಡ್‌ಬ್ಯಾಕ್ ಪಿನ್‌ಗೆ ಒಂದು 10 ವೋಲ್ಟ್ ಝೀನರ್ (ಆ ವೋಲ್ಟೇಜ್ ದಾಟಿದರೆ ಕರೆಂಟ್ ಬಿಡುವ ಡಯೋಡ್), ಆ ಪಿನ್ ಮತ್ತು 1.7 ಓಮ್ ನಡುವೆ 1 ಕಿಲೋಓಮ್ ಹಾಕಲೇಬೇಕು. 7135ರಲ್ಲಿ ಅದೇ ತಂತಿ ಕಿತ್ತರೆ ದೀಪ ಆರುತ್ತದೆ, ಅಷ್ಟೇ.

ಕೊನೆಯ ಹಂತದಲ್ಲೂ ವ್ಯತ್ಯಾಸ ದೊಡ್ಡದು. ಸೆಲ್ 3.2ಕ್ಕಿಂತ ಇಳಿದರೆ ಲೀನಿಯರ್‌ನ ಬೆಳಕು ಮೆಲ್ಲಗೆ ಮಂಕಾಗುತ್ತದೆ, ಚಾರ್ಜ್ ಮಾಡು ಅನ್ನುವ ಹಾಗೆ. ಬೂಸ್ಟ್ ಬೆಳಕನ್ನು ಹಾಗೇ ಉಳಿಸಿ, ಸೆಲ್‌ನಿಂದ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ. ಡಿಡಬ್ಲ್ಯು 01 ರಕ್ಷಣಾ ಚಿಪ್ ಕಡಿತ ಮಾಡುವುದು 2.4 ವೋಲ್ಟ್‌ನಲ್ಲಿ. ಅಲ್ಲಿಯವರೆಗೆ ಸೆಲ್ ಹಿಂಡಿಸಿಕೊಳ್ಳುತ್ತದೆ, ಆಮೇಲೆ ಒಮ್ಮೆಲೇ ಕತ್ತಲೆ. ನಡೆಯುತ್ತಿರುವಾಗ ಹೀಗಾದರೆ ಅಪಾಯ.

ಹಾಗಾಗಿ ನನ್ನ ಟಾರ್ಚ್‌ನಲ್ಲಿ ಉಳಿದದ್ದು ಎರಡು 7135. ಒಂದರ ವಿಡಿಡಿ ಪಿನ್‌ಗೆ (ಚಿಪ್‌ಗೆ ವಿದ್ಯುತ್ ಕೊಡುವ ಕಾಲು) ಪುಟ್ಟ ಸ್ವಿಚ್ ಹಾಕಿದ್ದೇನೆ. ಅದು ಆಫ್ ಆದರೆ 350, ಆನ್ ಆದರೆ 700. ಚಿಪ್‌ನ ನಡುವಿನ ಕಾಲು ಗ್ರೌಂಡ್, ಅದನ್ನು ಅಗಲ ತಾಮ್ರಕ್ಕೆ ಬೆಸೆಯಿರಿ. ತುಂಬಿದ ಸೆಲ್‌ನಲ್ಲಿ ಎರಡೂ ಸೇರಿ 0.8 ವಾಟ್ ಬಿಸಿ ಹೊರಹಾಕಬೇಕು.

ಚಾರ್ಜಿಂಗ್‌ಗೆ ಟಿಪಿ 4056 ಚಿಪ್. ದೀಪ ಉರಿಸಿಕೊಂಡು ಚಾರ್ಜ್‌ಗೆ ಇಡಬೇಡಿ. ಕರೆಂಟ್ ನಿಗದಿ ಮಾಡಿದ್ದರ ಹತ್ತನೇ ಒಂದು ಭಾಗಕ್ಕೆ ಇಳಿದಾಗ ಮಾತ್ರ ಅದು ಚಾರ್ಜ್ ನಿಲ್ಲಿಸುತ್ತದೆ. ದೀಪವೇ 0.7 ಆಂಪಿಯರ್ ಎಳೆಯುತ್ತಿದ್ದರೆ ಆ ಹೊತ್ತು ಬರುವುದೇ ಇಲ್ಲ.