ಮೂರು ನಿಮಿಷದ ಎಲಿಂಗ್ಟನ್, ಹತ್ತು ನಿಮಿಷದ ಲೆಸ್ಟರ್ ಯಂಗ್

ಸ್ವಿಂಗ್ ಎಂಬ ಕುಣಿತದ ಜಾಝ್ ಜೋರಾಗಿದ್ದ ಕಾಲದ ಕಿರುಚಿತ್ರಗಳಲ್ಲಿ ನನಗೆ ಜಾಸ್ತಿ ಇಷ್ಟವಾದವು ಎರಡು: 1942ರ ‘ಜ್ಯಾಮ್ ಸೆಷನ್’ ಮತ್ತು 1944ರ ‘ಜ್ಯಾಮಿನ್ ದ ಬ್ಲೂಸ್’. ಯಾವುದು ಮೇಲು? ಈ ವಾರ ಎರಡನ್ನೂ ಮೂರು ಮೂರು ಸಲ ನೋಡಿದೆ. ಕೊನೆಯ ಸಲ ಸದ್ದು ಪೂರ್ತಿ ತೆಗೆದು ನೋಡಿದೆ.

ಮೊದಲನೆಯದು ‘ಸೌಂಡೀ’. ಆಗ ಅಮೆರಿಕದ ಬಾರು, ಹೋಟೆಲುಗಳಲ್ಲಿ ಪ್ಯಾನೊರಾಮ್ ಎಂಬ ಪೆಟ್ಟಿಗೆ ಇರುತ್ತಿತ್ತು. ಹತ್ತು ಸೆಂಟ್ ಹಾಕಿದರೆ ಮೂರು ನಿಮಿಷದ ಒಂದು ಚಿತ್ರ, ಅದೇ ಸೌಂಡೀ. ಬೇಕಾದ್ದನ್ನು ಆರಿಸುವ ಹಾಗಿಲ್ಲ, ರೀಲಿನಲ್ಲಿ ಮುಂದೆ ಯಾವುದಿದೆಯೋ ಅದೇ. ‘ಜ್ಯಾಮ್ ಸೆಷನ್’ನಲ್ಲಿ ಪಿಯಾನೊ ವಾದಕ ಡ್ಯೂಕ್ ಎಲಿಂಗ್ಟನ್ ಅವರ ತಂಡ ‘ಸಿ ಜ್ಯಾಮ್ ಬ್ಲೂಸ್’ ನುಡಿಸುತ್ತದೆ. ಅದರ ಧಾಟಿಯಲ್ಲಿ ಇರುವುದು ಎರಡೇ ಸ್ವರ. ನಮ್ಮ ಲೆಕ್ಕದಲ್ಲಿ ಬರೀ ಪ, ಸ! ಅಷ್ಟನ್ನೇ ಹಿಡಿದು ಒಬ್ಬೊಬ್ಬರೂ ತಮ್ಮ ಸರದಿಯಲ್ಲಿ ಮನೆ ಕಟ್ಟುತ್ತಾರೆ. ರೇ ನ್ಯಾನ್ಸ್ ಪಿಟೀಲು, ರೆಕ್ಸ್ ಸ್ಟೂವರ್ಟ್ ಕಾರ್ನೆಟ್, ಬೆನ್ ವೆಬ್‌ಸ್ಟರ್ ಸ್ಯಾಕ್ಸೊಫೋನ್, ಬಾರ್ನಿ ಬಿಗಾರ್ಡ್ ಕ್ಲಾರಿನೆಟ್. ಜೋ ನ್ಯಾಂಟನ್ ಟ್ರೊಂಬೋನ್ ಅಂತೂ ಥೇಟ್ ಮನುಷ್ಯ ಮಾತಾಡಿದ ಹಾಗೆ. ಸೌಂಡೀಗಳಲ್ಲಿ ಸದ್ದನ್ನು ಮೊದಲೇ ಮುದ್ರಿಸಿ, ಕ್ಯಾಮೆರಾ ಮುಂದೆ ಸುಮ್ನೆ ನುಡಿಸಿದಂತೆ ಮಾಡುತ್ತಿದ್ದರು. ಆದರೂ ಸದ್ದಿಲ್ಲದೆ ನೋಡಿದಾಗ ಯಾರ ಸರದಿ, ಯಾರು ಯಾರಿಗೆ ದಾರಿ ಬಿಟ್ಟರು ಎಲ್ಲವೂ ನನಗೆ ಗೊತ್ತಾಯಿತು.

‘ಜ್ಯಾಮಿನ್ ದ ಬ್ಲೂಸ್’ ವಾರ್ನರ್ ಬ್ರದರ್ಸ್ ಚಿತ್ರ, ಸುಮಾರು ಹತ್ತು ನಿಮಿಷ. ನಿರ್ದೇಶಕ ಜಾನ್ ಮಿಲಿ ಮೂಲತಃ ಛಾಯಾಗ್ರಾಹಕರು. ಅದು ಮೊದಲ ಚೌಕಟ್ಟಿನಲ್ಲೇ ಕಾಣುತ್ತದೆ. ಕಪ್ಪು ಹಿನ್ನೆಲೆ, ಸಿಗರೇಟಿನ ಹೊಗೆ, ಒಂದು ದುಂಡನೆ ಆಕಾರ. ಅದು ಮೆಲ್ಲಗೆ ಮೇಲೆದ್ದಾಗ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಅವರ ಟೋಪಿ! ಅಬ್ಬಾ, ಮೂರು ಸಲವೂ ಮೈ ಜುಮ್ಮೆಂದಿತು. ಬೆಳಕು ನೆರಳಿನ ಅಂದದಲ್ಲಿ ಸೌಂಡೀ ಇದರ ಹತ್ತಿರವೂ ಬರುವುದಿಲ್ಲ. ಯಂಗ್ ನುಡಿಸುವ ನಿಧಾನದ ಬ್ಲೂಸ್ ನನಗೆ ಎಲಿಂಗ್ಟನ್ ತಂಡದ ಸಂಗೀತಕ್ಕಿಂತಲೂ ಆಳವಾಗಿ ತಟ್ಟುತ್ತದೆ.

ಆದರೂ ನನ್ನ ಆಯ್ಕೆ ಆ ಹತ್ತು ಸೆಂಟಿನ ಚಿತ್ರವೇ. ಕಾರಣ ಗಿಟಾರ್ ವಾದಕ ಬಾರ್ನಿ ಕೆಸೆಲ್. ‘ಜ್ಯಾಮಿನ್ ದ ಬ್ಲೂಸ್’ ತಂಡದಲ್ಲಿ ಬಿಳಿಯರು ಅವರೊಬ್ಬರೇ. ಕರಿಯರೂ ಬಿಳಿಯರೂ ಜೊತೆಯಾಗಿ ನುಡಿಸುವುದು ಪರದೆ ಮೇಲೆ ಕಾಣಬಾರದು ಅಂತ ಅವರನ್ನು ಕತ್ತಲಲ್ಲಿ ನಿಲ್ಲಿಸಿದರು. ಇದು ತಿಳಿದ ಮೇಲೆ ಆ ನೆರಳುಗಳನ್ನು ಬರೀ ಅಂದ ಅಂತ ನೋಡಲು ನನ್ನಿಂದ ಆಗುತ್ತಿಲ್ಲ. ಎಲಿಂಗ್ಟನ್ ಚಿತ್ರದಲ್ಲಿ ಸರದಿ ಬಂದವರ ಮುಖ ಬೆಳಕಿನಲ್ಲಿರುತ್ತದೆ. ಇಲ್ಲಿ ಗಿಟಾರ್ ಕೇಳಿಸಿದಾಗಲೆಲ್ಲ ಕಣ್ಣು ಕತ್ತಲಲ್ಲಿ ಕೆಸೆಲ್ ಅವರನ್ನು ಹುಡುಕುತ್ತದೆ.