ವಕೀಲರಲ್ಲದವರ ಕಾನೂನು ಪದವಿ: ತುಮಕೂರಿನಲ್ಲಿ ಮಧ್ಯವರ್ತಿಗೆ ಹಣ ಕೊಡುವ ಮುನ್ನ ಇದನ್ನು ಓದಿ

ವಿದೇಶದ ಕಾನೂನು ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಿಸಿಕೊಡುತ್ತೇವೆ ಎಂದು ತುಮಕೂರಿನಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ನಾನು 46,000 ರೂಪಾಯಿ ಕೊಟ್ಟಿದ್ದೇನೆ. ಆದರೆ ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಉರಿಸುತ್ತಿರುವ ಸಂಗತಿ ಬೇರೆ. ನನ್ನ ಹೆಸರಿನಲ್ಲಿ, ನನ್ನ ಸಹಿಯ ಕೆಳಗೆ, ನಾನು ವಕೀಲೆ ಎಂದು ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಹಸಿ ಸುಳ್ಳು ಬರೆದು ಕಳುಹಿಸಿದ್ದಾರೆ. ಮನೆಯಲ್ಲಿ ಇದನ್ನು ಇನ್ನೂ ಪೂರ್ತಿಯಾಗಿ ಹೇಳಿಲ್ಲ. ಅಡ್ಮಿಷನ್ ಏನಾಯಿತು ಎಂದು ಸಹೋದ್ಯೋಗಿಗಳು ಕೇಳಿದರೆ ಮುಖ ತಗ್ಗಿಸಿ ಮಾತು ಬದಲಿಸುತ್ತೇನೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಆ ಕಚೇರಿಯ ಬಾಗಿಲು ಇವತ್ತೂ ತೆರೆದಿದೆ, ಮೆಟ್ಟಿಲ ಮೇಲೆ ಹುಡುಗ ಹುಡುಗಿಯರು ಫೈಲು ಹಿಡಿದು ನಿಂತಿರುತ್ತಾರೆ.

ನಾನು ತುಮಕೂರು ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿ, ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಮಾನವ ಸಂಪನ್ಮೂಲ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಆರೋಪ ಪಟ್ಟಿ, ಆಂತರಿಕ ವಿಚಾರಣೆ, ಸ್ಥಾಯಿ ಆದೇಶ (ಕಾರ್ಖಾನೆಯ ಸೇವಾ ನಿಯಮಗಳು), ಇವೇ ನನ್ನ ದಿನನಿತ್ಯ. ಕಾರ್ಮಿಕ ಅಧಿಕಾರಿಯ ಮುಂದೆ ಸಂಧಾನ ನಡೆಯುವಾಗ ವಕೀಲರು ಬರುವಂತಿಲ್ಲ, 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಹಾಗೆ ಇತ್ತು. ಅಲ್ಲಿ ಕೂತು ಮಾತನಾಡಬೇಕಾದವರು ನನ್ನಂಥವರು. ಈಗ 29 ಕಾರ್ಮಿಕ ಕಾನೂನುಗಳನ್ನು ನಾಲ್ಕು ಸಂಹಿತೆಗಳಾಗಿ ಮಾಡಿದ್ದಾರೆ. ಎಲ್ಲವನ್ನೂ ಹೊಸದಾಗಿ ಓದಬೇಕು. ಕೆಲಸ ಬಿಡದೆ, ಒಬ್ಬರ ಬಳಿ ಶಿಸ್ತಾಗಿ ಕಲಿಯಬೇಕು ಎಂಬುದಷ್ಟೇ ನನ್ನ ಆಸೆ. ಕರಿಕೋಟು ನನಗೆ ಬೇಕಿರಲಿಲ್ಲ.

ಅಮೆರಿಕದ ಅನೇಕ ಕಾನೂನು ಶಾಲೆಗಳಲ್ಲಿ ಇಂಥವರಿಗಾಗಿಯೇ ಒಂದು ಪದವಿ ಇದೆ. ಮಾಸ್ಟರ್ ಆಫ್ ಲೀಗಲ್ ಸ್ಟಡೀಸ್ ಎನ್ನುತ್ತಾರೆ, ಕೆಲವೆಡೆ ಮಾಸ್ಟರ್ ಆಫ್ ಸ್ಟಡೀಸ್ ಇನ್ ಲಾ ಎನ್ನುತ್ತಾರೆ. ಮಾನವ ಸಂಪನ್ಮೂಲ, ಆಸ್ಪತ್ರೆ ಆಡಳಿತ, ಬ್ಯಾಂಕು, ಪತ್ರಿಕೋದ್ಯಮದಲ್ಲಿ ಇರುವವರು ಕಾನೂನು ಅರ್ಥ ಮಾಡಿಕೊಳ್ಳಲಿ ಎಂಬುದು ಅದರ ಉದ್ದೇಶ. ಆನ್‌ಲೈನ್‌ನಲ್ಲೂ ಕಲಿಸುತ್ತಾರೆ. ಅದನ್ನು ಓದಿದವರು ವಕೀಲರಾಗುವುದಿಲ್ಲ. ವಿಶ್ವವಿದ್ಯಾಲಯಗಳೇ ಇದನ್ನು ತಮ್ಮ ಪ್ರಕಟಣೆಯಲ್ಲಿ ಸ್ಪಷ್ಟವಾಗಿ ಹೇಳುತ್ತವೆ. ಕೋರ್ಸಿನ ಬಗ್ಗೆ ನನಗೆ ಯಾವ ದೂರೂ ಇಲ್ಲ. ದೂರು ಇರುವುದು ಅದನ್ನು ಇಲ್ಲಿ ಮಾರುತ್ತಿರುವವನ ಮೇಲೆ.

ಬಿ.ಎಚ್. ರಸ್ತೆಯ ಒಂದು ಮಹಡಿ ಕಚೇರಿ. ಆತ ಮೊದಲ ಭೇಟಿಯಲ್ಲೇ, "ಎಲ್‌ಎಲ್‌ಬಿ ಇಲ್ಲದೆ ನೇರವಾಗಿ ಎಲ್‌ಎಲ್‌ಎಂಗೆ ಸಮಾನ ಮೇಡಂ, ಮುಗಿಸಿ ಬಂದರೆ ತುಮಕೂರು ನ್ಯಾಯಾಲಯದಲ್ಲೇ ವಕಾಲತ್ತು ಹಾಕಬಹುದು" ಎಂದ. ಎಲ್‌ಎಲ್‌ಎಂ ಎಂದರೆ ಎಲ್‌ಎಲ್‌ಬಿ ಓದಿದವರು ಮುಂದೆ ಮಾಡುವ ಕಾನೂನು ಸ್ನಾತಕೋತ್ತರ ಪದವಿ. ನನಗೆ ವಕಾಲತ್ತು ಬೇಡ, ಕಲಿಕೆ ಸಾಕು ಎಂದೆ. "ಸಿಕ್ಕಿದರೆ ಬೇಡ ಎನ್ನುವಿರಾ?" ಎಂದ. ಅರ್ಜಿ ಶುಲ್ಕ 9,000. ಪ್ರವೇಶ ಪರೀಕ್ಷೆಯಿಂದ ವಿನಾಯಿತಿ ಕೊಡಿಸಲು 15,000. ಅಂಕಪಟ್ಟಿಗಳನ್ನು ಅಮೆರಿಕದಲ್ಲಿ ಮೌಲ್ಯಮಾಪನ ಮಾಡಿಸಲು 22,000. ಮೂರನ್ನೂ ಕೊಟ್ಟೆ, ರಶೀದಿ ಕೇಳಿ ಪಡೆದೆ. ಅರ್ಜಿ ತೋರಿಸಿ ಎಂದು ಕೇಳಿದಾಗಲೆಲ್ಲ "ಪೋರ್ಟಲ್ ಲಾಕ್ ಆಗಿದೆ, ಫಲಿತಾಂಶ ಬಂದ ಮೇಲೆ ತೋರಿಸುತ್ತೇನೆ" ಎಂಬ ಉತ್ತರ. ಅರ್ಜಿಗೆಂದು ಹೊಸ ಇಮೇಲ್ ಖಾತೆಯನ್ನೂ ಅವರೇ ತೆರೆದಿದ್ದರು. ಅದರ ಪಾಸ್‌ವರ್ಡ್ ನನಗೆ ಕೊಡಲೇ ಇಲ್ಲ.

ಅನುಮಾನ ಬಂದದ್ದು ತುಮಕೂರು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಬೇರೆ ಕೆಲಸಕ್ಕೆ ಹೋದಾಗ. ವಿದೇಶಕ್ಕೆ ಟ್ರಾನ್ಸ್‌ಕ್ರಿಪ್ಟ್ (ಅಂಕಗಳ ಅಧಿಕೃತ ದಾಖಲೆ) ಹೋಗಬೇಕಾದರೆ ವಿದ್ಯಾರ್ಥಿಯೇ ಅರ್ಜಿ ಕೊಡಬೇಕು ಎಂದು ಅಲ್ಲಿಯ ಗುಮಾಸ್ತರು ಹೇಳಿದರು. ನಾನು ಕೊಟ್ಟಿಲ್ಲ. ಹಾಗಾದರೆ ಮೌಲ್ಯಮಾಪನಕ್ಕೆ ಹೋದದ್ದು ಏನು? ಅಂದು ರಾತ್ರಿಯೇ ಅಮೆರಿಕದ ಆ ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ನನ್ನ ಸ್ವಂತ ಇಮೇಲ್‌ನಿಂದ ಪಾಸ್‌ಪೋರ್ಟ್ ಪ್ರತಿಯೊಂದಿಗೆ ಬರೆದೆ.

ಉತ್ತರ ಬಂದಾಗ ಕಾರ್ಖಾನೆಯ ಬಸ್ಸಿನಲ್ಲಿದ್ದೆ. ಓದುತ್ತ ಕೈ ತಣ್ಣಗಾಯಿತು. ಈ ಕೋರ್ಸಿಗೆ ಅರ್ಜಿ ಶುಲ್ಕವೇ ಇಲ್ಲ. ಪ್ರವೇಶ ಪರೀಕ್ಷೆ ಯಾರಿಗೂ ಇಲ್ಲ, ಹಾಗಾಗಿ ವಿನಾಯಿತಿ ಎಂಬುದೂ ಇಲ್ಲ. ಮೌಲ್ಯಮಾಪನದ ವರದಿ ತಲುಪಿಲ್ಲ. ಭಾರತದಲ್ಲಿ ನಮಗೆ ಪ್ರತಿನಿಧಿಗಳಿಲ್ಲ. ಕೊನೆಯಲ್ಲಿ, ಬಹಳ ಸೌಜನ್ಯದಿಂದಲೇ, ಒಂದು ಪ್ರಶ್ನೆ: ಆರು ವರ್ಷ ವಕೀಲಿ ವೃತ್ತಿ ಮಾಡಿರುವುದಾಗಿ ಬರೆದಿದ್ದೀರಿ, ಇದು ವಕೀಲರಲ್ಲದವರ ಕೋರ್ಸು, ನೀವು ಎಲ್‌ಎಲ್‌ಎಂಗೆ ಅರ್ಜಿ ಹಾಕಬೇಕೆಂದಿದ್ದೀರಾ?

ಅರ್ಜಿಯ ಪ್ರತಿಯನ್ನೂ ಕಳುಹಿಸಿದ್ದರು. ಯಾರದ್ದೋ ಎಲ್‌ಎಲ್‌ಎಂ ಉದ್ದೇಶ ಪತ್ರಕ್ಕೆ (ಈ ಪದವಿ ಏಕೆ ಬೇಕು ಎಂದು ಅರ್ಜಿದಾರರು ಬರೆಯುವ ಪತ್ರ) ನನ್ನ ಹೆಸರು ಅಂಟಿಸಿದ್ದಾರೆ! ನಾನು ಅವರಿಗೆ ರಾತ್ರಿ ಕುಳಿತು ಬರೆದುಕೊಟ್ಟ ಎರಡು ಪುಟಗಳ ಒಂದು ವಾಕ್ಯವೂ ಅದರಲ್ಲಿ ಇಲ್ಲ. ಅದಕ್ಕಿಂತ ಕೆಟ್ಟದ್ದು ಶಿಫಾರಸು ಪತ್ರ. ಎಂಎಸ್‌ಡಬ್ಲ್ಯೂನಲ್ಲಿ ನನಗೆ ಪಾಠ ಮಾಡಿದ ಮೇಷ್ಟರ ಹೆಸರಿನಲ್ಲಿ, ಅವರು ಎಂದೂ ಬಳಸದ ಒಂದು ಇಮೇಲ್‌ನಿಂದ ಹೋಗಿದೆ, ಹೆಸರಿನ ಅಕ್ಷರವೂ ತಪ್ಪು. ನಾನು ಅವರಿಗೆ ಫೋನ್ ಮಾಡಿ, "ಸರ್, ನಿಮ್ಮ ಹೆಸರಿನಲ್ಲಿ ಸುಳ್ಳು ಪತ್ರ ಹೋಗಿದೆ" ಎಂದು ಹೇಳಬೇಕಾಯಿತು. ಅವರು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆ ಮೌನವನ್ನು ನಾನು ಯಾವ ಹಣಕ್ಕೂ ಕ್ಷಮಿಸಲಾರೆ. ನನ್ನನ್ನು ಇಂಥ ಸ್ಥಿತಿಗೆ ತಂದವನನ್ನೂ ಕ್ಷಮಿಸಲಾರೆ.

ಈಗ ಆತನ ಉತ್ತರಗಳನ್ನು ಕೇಳಿ. ಮೊದಲು: "ಎಲ್ಲರಿಗೂ ಇದೇ ನಮೂನೆ ಮೇಡಂ, ಅಲ್ಲಿ ಯಾರೂ ಓದುವುದಿಲ್ಲ." ಓದಿದ್ದಾರೆ, ಓದಿ ಪ್ರಶ್ನೆ ಕೇಳಿದ್ದಾರೆ ಎಂದಾಗ: "ನೀವು ನೇರವಾಗಿ ಬರೆದು ಕೆಲಸ ಕೆಡಿಸಿದಿರಿ, ಇನ್ನೊಂದು ವಾರದಲ್ಲಿ ಸೀಟು ಆಗುತ್ತಿತ್ತು." ಹಣ ವಾಪಸ್ ಕೇಳಿದಾಗ: "ರಶೀದಿ ನೋಡಿ, ಮಾರ್ಗದರ್ಶನ ಶುಲ್ಕ ಎಂದಿದೆ. ಮಾರ್ಗದರ್ಶನ ಮಾಡಿದ್ದೇವಲ್ಲ." ಬಾಯಲ್ಲಿ ಅರ್ಜಿ ಶುಲ್ಕ, ವಿನಾಯಿತಿ ಶುಲ್ಕ, ಮೌಲ್ಯಮಾಪನ ಶುಲ್ಕ. ಕಾಗದದಲ್ಲಿ ಮೂರಕ್ಕೂ ಮಾರ್ಗದರ್ಶನ ಶುಲ್ಕ! ಪೊಲೀಸರ ಮಾತೆತ್ತಿದಾಗ: "ಸುಳ್ಳು ಅರ್ಜಿಯಲ್ಲಿ ಇರುವುದು ನಿಮ್ಮ ಸಹಿ, ಯೋಚಿಸಿ. ಹೆಣ್ಣುಮಗಳು, ಠಾಣೆ ಏಕೆ?" ಇದನ್ನು ಸಂದೇಶದಲ್ಲಿ ಬರೆದೇ ಕಳುಹಿಸಿದ್ದಾನೆ. ನನ್ನ ಸಹಿಯನ್ನು ಕದ್ದು, ಅದೇ ಸಹಿಯಿಂದ ನನ್ನನ್ನು ಹೆದರಿಸುತ್ತಾನೆ.

ವಕಾಲತ್ತಿನ ಮಾತು ನಂಬಿದವರು ದಯವಿಟ್ಟು ಇಷ್ಟು ತಿಳಿಯಿರಿ. 1961ರ ವಕೀಲರ ಕಾಯ್ದೆಯ ಪ್ರಕಾರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಆಗಬೇಕು, ಅದಕ್ಕೆ ಮಾನ್ಯತೆ ಇರುವ ಎಲ್‌ಎಲ್‌ಬಿ ಬೇಕು, ಜೊತೆಗೆ ಅಖಿಲ ಭಾರತ ವಕೀಲರ ಪರೀಕ್ಷೆಯೂ ಇದೆ. ಹಕ್ಕಿಲ್ಲದೆ ವಕೀಲಿ ಮಾಡಿದರೆ ಆರು ತಿಂಗಳವರೆಗೆ ಜೈಲು. ಆತನ ಮಾತು ಕೇಳಿ ನ್ಯಾಯಾಲಯದಲ್ಲಿ ನಿಂತರೆ ಶಿಕ್ಷೆ ನಿಮಗೆ, ಅವನಿಗಲ್ಲ. ವಕೀಲರಾಗಲೇಬೇಕು ಎನ್ನುವವರಿಗೆ ಯಾವುದೇ ಪದವಿಯ ನಂತರ ಮೂರು ವರ್ಷದ ಎಲ್‌ಎಲ್‌ಬಿ ಇದೆ. ಅದನ್ನು ಕಲಿಸುವ ಕಾಲೇಜುಗಳು ತುಮಕೂರಿನಲ್ಲೇ ಇವೆ, ಪದವಿ ಕೊಡುವುದು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. ನನ್ನಂತೆ ಕಲಿಕೆ ಸಾಕು ಎನ್ನುವವರಿಗೆ ಬೆಂಗಳೂರಿನ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ ದೂರಶಿಕ್ಷಣದಲ್ಲಿ ಮಾಸ್ಟರ್ ಆಫ್ ಬಿಸಿನೆಸ್ ಲಾಸ್ ನಡೆಸುತ್ತದೆ. ಎರಡು ವರ್ಷದ್ದು, ಯಾವ ವಿಷಯದ ಪದವೀಧರರೂ ಅರ್ಜಿ ಹಾಕಬಹುದು. ಕೂಗಳತೆಯಲ್ಲಿ ಇದು ಇರುವಾಗ ಆ ಮಹಡಿ ಹತ್ತುವ ಅಗತ್ಯ ಯಾರಿಗೂ ಇಲ್ಲ. ಇದನ್ನು ಆತ ನನಗೆ ಒಮ್ಮೆಯೂ ಹೇಳಲಿಲ್ಲ, ಏಕೆಂದರೆ ಅದರಲ್ಲಿ ಅವನಿಗೆ ಪಾಲಿಲ್ಲ.

ವಿದೇಶದ್ದೇ ಬೇಕಾದರೆ ಅರ್ಜಿಯನ್ನು ನೀವೇ ತುಂಬಿ. ನಾನು ಆಮೇಲೆ ಆ ಪೋರ್ಟಲ್ ತೆರೆದು ನೋಡಿದೆ, ಒಂದು ಸಂಜೆಯ ಕೆಲಸ. ಇಮೇಲ್ ನಿಮ್ಮದೇ ಇರಲಿ. ರಶೀದಿಯಲ್ಲಿ ಬರೆದಿರುವ ಪದ ಓದಿ. ಪರೀಕ್ಷೆಯಿಂದ ವಿನಾಯಿತಿ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಠಾಣೆಯಲ್ಲೂ ಬರೆದುಕೊಟ್ಟಿದ್ದೇನೆ. ಅದು ತಿಳಿದ ಮೇಲೆ, ದೂರು ಹಿಂಪಡೆದರೆ ಅರ್ಧ ಹಣ ಕೊಡುತ್ತೇನೆ ಎಂದು ಹೇಳಿ ಕಳುಹಿಸಿದ. ಹಿಂಪಡೆಯುವುದಿಲ್ಲ. ಮೇಷ್ಟರು ಆ ಪತ್ರ ತಮ್ಮದಲ್ಲ ಎಂದು ಲಿಖಿತವಾಗಿ ಕೊಟ್ಟಿದ್ದಾರೆ, ವಿಶ್ವವಿದ್ಯಾಲಯ ಆ ಅರ್ಜಿಯನ್ನು ರದ್ದು ಮಾಡಿದೆ. ಆ ಕಚೇರಿಗೆ ಅಂಕಪಟ್ಟಿ, ಪಾಸ್‌ಪೋರ್ಟ್ ಪ್ರತಿ, ಸಹಿ ಕೊಟ್ಟಿರುವವರು ಇದನ್ನು ಓದುತ್ತಿದ್ದರೆ, ನಿಮ್ಮ ಹೆಸರಿನಲ್ಲಿ ಏನು ಹೋಗಿದೆ ಎಂದು ಇಂದೇ ನಿಮ್ಮ ಸ್ವಂತ ಇಮೇಲ್‌ನಿಂದ ವಿಶ್ವವಿದ್ಯಾಲಯವನ್ನು ಕೇಳಿ. ಅವರು ಉತ್ತರ ಕೊಡುತ್ತಾರೆ.