ಪಾಪು ಫೋಟೋಗೆ ಕ್ಯಾಮೆರಾ ತಗೊಳ್ಳೋರು ಓದಿ: 1500ಡಿ ಕೇಳಿದ್ರೆ 2000ಡಿ ಕೈಗಿಡ್ತಾರೆ

ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಕ್ಯಾಮೆರಾ ತಗೊಳ್ಳಲು ಹೊರಟಿದ್ದೀರಾ? ಮನೆಯಲ್ಲಿ ಪುಟ್ಟ ಮಗು ಇದೆ, ಕ್ಯಾಮೆರಾ ಹಿಡಿಯುತ್ತಿರುವುದು ಇದೇ ಮೊದಲು ಅನ್ನುವವರು ದಯವಿಟ್ಟು ಪೂರ್ತಿ ಓದಿ. ಅಂಗಡಿ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಒಂದು ಕಡೆ ಮುಟ್ಟಲಿ. ಇನ್ನೂ ಕೋಪ ಇಳಿದಿಲ್ಲ, ಹೇಳುವುದು ಹಿಂದೆ ಮುಂದೆ ಆದರೆ ಬೇಜಾರಾಗಬೇಡಿ.

ನನಗೆ ಬೇಕಾಗಿದ್ದು ಕ್ಯಾನನ್ 1500ಡಿ. ಅದರ ಜೊತೆ ಬರುವ 18-55 ಜೂಮ್ ಲೆನ್ಸ್, ಐಎಸ್ (ಇಮೇಜ್ ಸ್ಟೆಬಿಲೈಜರ್) ಇರುವಂಥದ್ದು. ಐಎಸ್ ಇದ್ದರೆ ನಮ್ಮ ಕೈ ಸ್ವಲ್ಪ ಅಲ್ಲಾಡಿದರೂ ಫೋಟೋ ಕೆಡುವುದಿಲ್ಲ. ದುಡ್ಡು ಮಿಕ್ಕಿದರೆ 50 ಎಂಎಂ, ಎಫ್ 1.8 ಲೆನ್ಸ್; ಈ ಎಫ್ ನಂಬರ್ ಚಿಕ್ಕದಾದಷ್ಟೂ ಬೆಳಕು ಜಾಸ್ತಿ ಒಳಗೆ ಬರುತ್ತದೆ. ಇಷ್ಟೇ. ರಾತ್ರಿ ಹೊತ್ತು ಮಗನಿಗೆ ಹಾಲು ಕುಡಿಸುತ್ತಾ ಫೋನಲ್ಲಿ ಓದಿ ಓದಿ ತೀರ್ಮಾನ ಮಾಡಿದ್ದೆ. ನಾಮಕರಣಕ್ಕೆ ಮುಂಚೆ ಕೈಗೆ ಬರಲಿ ಅಂತ ಮಗುವನ್ನು ಅಮ್ಮನ ಹತ್ತಿರ ಬಿಟ್ಟು, ತಮ್ಮನ ಜೊತೆ ಕೆ.ಆರ್. ಮಾರ್ಕೆಟ್ ಮೆಟ್ರೋ ಇಳಿದು ಹೋದೆ.

ಅಂಗಡಿಯವರು ಫೋನಲ್ಲಿ 41,000 ಅಂದಿದ್ದರು. ಮೆಟ್ಟಿಲು ಹತ್ತಿ ಹೋಗಿ ಕೂತ ಮೇಲೆ ಮಾತು ಬದಲಾಯಿತು. "1500 ಇಲ್ಲ ಮೇಡಂ, ಕೊನೇ ಪೀಸ್ ಬೆಳಗ್ಗೆ ತಾನೇ ಹೋಯ್ತು. 2000ಡಿ ಇದೆ ನೋಡಿ, ಅದರ ಮೇಲಿನ ಮಾಡೆಲ್. ಯೂರೋಪ್ ಪೀಸ್. 7,000 ಜಾಸ್ತಿ ಅಷ್ಟೇ." ನಾನು ಏನು ವ್ಯತ್ಯಾಸ ಅಂತ ಕೇಳಿದೆ. ಆ ಮನುಷ್ಯ ನಗುತ್ತಾ ಹೇಳಿದ್ದು ಇದು: "1500 ದೊಡ್ಡದೋ 2000 ದೊಡ್ಡದೋ, ನೀವೇ ಹೇಳಿ ಮೇಡಂ."

50 ಎಂಎಂ ಕೇಳಿದ್ದಕ್ಕೆ, "ಅದ್ರಲ್ಲಿ ಜೂಮೇ ಇಲ್ಲ, ವೇಸ್ಟು. ಈ ಕಿಟ್‌ನಲ್ಲಿ ಮೂರು ಲೆನ್ಸ್ ಬರುತ್ತೆ" ಅಂದರು. ಮೂರು ಲೆನ್ಸ್ ಅಂದರೆ ಏನು ಗೊತ್ತಾ? ಒಂದು 18-55. ಇನ್ನೆರಡು ಅದರ ಮೂತಿಗೆ ತಿರುಗಿಸಿ ಹಾಕುವ ಗಾಜಿನ ಬಿಲ್ಲೆಗಳು. ಹಾಕಿದರೆ ಫೋಟೋದ ಅಂಚೆಲ್ಲ ಮಸುಕು.

ಬಿಲ್ ಕೇಳಿದರೆ "ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಮೇಲೆ ಬೀಳುತ್ತೆ" ಅಂತ ಒಂದು ಎಸ್ಟಿಮೇಟ್ ಚೀಟಿ ಬರೆದುಕೊಟ್ಟರು. 48,000 ತಗೊಂಡರು. ಯುಪಿಐ ಮಾಡುವಾಗ ಅಂಗಡಿ ಹೆಸರಲ್ಲ, ಯಾರದೋ ಹೆಸರು ಬಂತು. "ಓನರ್ ಅಕೌಂಟು ಮೇಡಂ, ಹಾಕಿ ಪರವಾಗಿಲ್ಲ."

ನಾಮಕರಣದ ದಿನ ತೊಟ್ಟಿಲ ಶಾಸ್ತ್ರ, ಹೆಸರು ಕರೆಯುವುದು, ಅಜ್ಜಿ ಕಿವಿಯಲ್ಲಿ ಹೇಳುವುದು, ಎಲ್ಲಾ ತೆಗೆದೆ. ಛತ್ರದಲ್ಲಿ ಬರೀ ಟ್ಯೂಬ್‌ಲೈಟ್ ಬೆಳಕು. ಫ್ಲ್ಯಾಶ್ ಹಾಕಿದರೆ ಮಗ ಬೆಚ್ಚಿ ಅಳುತ್ತಿದ್ದ, ಆಫ್ ಮಾಡಿದೆ. ಮುಖ ಹತ್ತಿರ ಬರಲಿ ಅಂತ 55ಕ್ಕೆ ಜೂಮ್ ಮಾಡಿದರೆ ಎಲ್ಲವೂ ಕದಡಿಹೋದ ಫೋಟೋ. ಅತ್ತೆ ಎಲ್ಲರ ಮುಂದೆ "ಇಷ್ಟು ದುಡ್ಡು ಸುರಿದು ಇದೇನಮ್ಮಾ, ಫೋನಲ್ಲೇ ಚೆನ್ನಾಗಿ ಬರ್ತಿತ್ತಲ್ಲ" ಅಂದರು. ನಾನು ಕ್ಯಾಮೆರಾ ಬ್ಯಾಗಿಗೆ ಹಾಕಿ ಒಳಗೆ ಹೋದೆ.

ನಮ್ಮ ಚಿಕ್ಕಮ್ಮನ ಮಗ ಮದುವೆ ಫೋಟೋ ತೆಗೆಯುತ್ತಾನೆ. ಊಟ ಆದ ಮೇಲೆ ಅವನು ಬ್ಯಾಗಿಂದ ಕ್ಯಾಮೆರಾ ಈಚೆ ತೆಗೆದು ಹೆಸರು ಓದಿದ. "ಅಕ್ಕಾ, ಇದು 1500ಡಿನೇ ಕಣಕ್ಕಾ." ನನಗೆ ಅರ್ಥವೇ ಆಗಲಿಲ್ಲ. ಅವನೇ ಬಿಡಿಸಿ ಹೇಳಿದ: 2018ರಲ್ಲಿ ಬಂದ ಇವೆರಡೂ ಒಂದೇ ಕ್ಯಾಮೆರಾ. ಅದೇ 24.1 ಮೆಗಾಪಿಕ್ಸೆಲ್, ಅದೇ 9 ಫೋಕಸ್ ಪಾಯಿಂಟ್. ನಮ್ಮಲ್ಲಿ 1500ಡಿ, ಯೂರೋಪಲ್ಲಿ 2000ಡಿ, ಅಮೆರಿಕದಲ್ಲಿ ರೆಬೆಲ್ ಟಿ7, ಜಪಾನಲ್ಲಿ ಕಿಸ್ ಎಕ್ಸ್90. ಬರೀ ಹೆಸರಿಗೆ 7,000 ಜಾಸ್ತಿ ಕಿತ್ತುಕೊಂಡಿದ್ದಾರೆ.

ಆಮೇಲೆ ಲೆನ್ಸ್ ತಿರುಗಿಸಿ ಪಕ್ಕದ ಸ್ವಿಚ್ ಮೇಲೆ ಬೆರಳಿಟ್ಟ. ಎಎಫ್, ಎಂಎಫ್ ಅಂತ (ಫೋಕಸ್ ತಾನಾಗೇ ಆಗಬೇಕೋ, ಕೈಯಲ್ಲಿ ಮಾಡಬೇಕೋ ಅನ್ನೋದಕ್ಕೆ) ಒಂದೇ ಸ್ವಿಚ್. ಅದರ ಕೆಳಗೆ ಸ್ಟೆಬಿಲೈಜರ್ ಆನ್, ಆಫ್ ಅಂತ ಇನ್ನೊಂದು ಇರಬೇಕಿತ್ತು. ಇರಲಿಲ್ಲ. ಐಎಸ್ ಇಲ್ಲದ ಅಗ್ಗದ 18-55 ಅದು. ನಾನು ಬಾಯಿಬಿಟ್ಟು ಕೇಳಿದ್ದೇ ಐಎಸ್, ಅದೂ ಎರಡೆರಡು ಸಲ ಕೇಳಿದ್ದೆ. "ಎಲ್ಲಾ ಇದೆ ಮೇಡಂ" ಅಂದಿದ್ದರು!

ಅವತ್ತೇ ಸಂಜೆ ವಾಟ್ಸಾಪ್ ಮಾಡಿದೆ. ಅವರ ಉತ್ತರಗಳನ್ನು ಇದ್ದ ಹಾಗೇ ಹಾಕುತ್ತೇನೆ.

"ಓಪನ್ ಮಾಡಿದ ಪೀಸ್ ರಿಟರ್ನ್ ಇಲ್ಲ ಮೇಡಂ."

"ನೀವೇ ನೋಡಿ ತಗೊಂಡಿದ್ದು."

"ಯೂರೋಪ್ ಪೀಸ್ ಕ್ವಾಲಿಟಿ ಜಾಸ್ತಿ, ಗೊತ್ತಿಲ್ದೋರು ಏನೋ ಹೇಳ್ತಾರೆ."

"ಕ್ಯಾಮೆರಾ ಚೆನ್ನಾಗಿದೆ, ಮಗು ಅಲ್ಲಾಡಿದ್ರೆ ನಾವೇನ್ ಮಾಡೋಕಾಗುತ್ತೆ?"

ಈ ಕೊನೆಯದ್ದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ಮಗು ಅಲ್ಲಾಡಿದರೆ ಯಾವ ಐಎಸ್ಸೂ ನಿಲ್ಲಿಸಲ್ಲ, ಅದು ನನಗೂ ಗೊತ್ತು. ಆದರೆ ತೊಟ್ಟಿಲಲ್ಲಿ ಗಾಢ ನಿದ್ದೆ ಮಾಡುತ್ತಿದ್ದ ಫೋಟೋಗಳೂ ಹಾಗೇ ಬಂದಿವೆಯಲ್ಲ! ಅದನ್ನು ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ತಮ್ಮ ಖುದ್ದಾಗಿ ಹೋದಾಗ "ಬೇಕಿದ್ರೆ ಸೆಕೆಂಡ್‌ಹ್ಯಾಂಡ್ ರೇಟಿಗೆ ವಾಪಸ್ ತಗೋತೀವಿ, 22,000" ಅಂದರಂತೆ. ಸರ್ವೀಸ್ ಸೆಂಟರ್‌ನಲ್ಲಿ ಕೇಳಿದರೆ ಇದಕ್ಕೆ ಇಲ್ಲಿನ ವಾರಂಟಿ ಇಲ್ಲ ಅಂದರು. ಅಂಗಡಿಯವರು ಹೇಳಿದ್ದ "ನಮ್ಮದೇ ಶಾಪ್ ವಾರಂಟಿ" ಚೀಟಿಯಲ್ಲಿ ಎಲ್ಲೂ ಬರೆದಿಲ್ಲ.

ಆದ್ದರಿಂದ ದುಡ್ಡು ಕೊಡುವ ಮುಂಚೆ ಕ್ಯಾಮೆರಾ ಮುಂದೆ ಅಚ್ಚಾಗಿರುವ ಹೆಸರು ಓದಿ. 200ಡಿ ಮಾರ್ಕ್ 2 ಕೇಳಿದವರಿಗೆ 250ಡಿ ತೋರಿಸಿದರೂ ಇದೇ ಆಟ, ಎರಡೂ ಒಂದೇ. ಬಾಕ್ಸ್ ಮೇಲೆ ಎಂಆರ್‌ಪಿ, ಇಲ್ಲಿಗೆ ತರಿಸಿದ ಕಂಪನಿಯ ಹೆಸರು, ವಿಳಾಸದ ಸ್ಟಿಕ್ಕರ್ ಇರಲೇಬೇಕು, ನನ್ನದರಲ್ಲಿ ಇರಲಿಲ್ಲ. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ, ಅದರ ಮೇಲೆ ಜಿಎಸ್‌ಟಿ ಅಂತ ಹೆದರಿಸಿದರೆ ಎದ್ದು ಬನ್ನಿ. ಸೀರಿಯಲ್ ನಂಬರ್ ಬರೆದ ಬಿಲ್ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ. ಮನೆಯೊಳಗೆ ಪಾಪು ಫೋಟೋ ತೆಗೆಯೋಕೆ ಜೂಮ್ ಇಲ್ಲದ ಆ 50 ಎಂಎಂ ಲೆನ್ಸೇ ಬೇಕು. 18-55 ಲೆನ್ಸನ್ನು 55ಕ್ಕೆ ಜೂಮ್ ಮಾಡಿದಾಗ ಸಿಗುವ ಎಫ್ 5.6ಕ್ಕಿಂತ ಇದರ ಎಫ್ 1.8ರಲ್ಲಿ ಸುಮಾರು ಹತ್ತರಷ್ಟು ಬೆಳಕು ಒಳಗೆ ಬರುತ್ತದೆ, ಅಷ್ಟೂ ಬೇಗ ಕ್ಲಿಕ್ ಆಗುತ್ತದೆ. ಅದನ್ನೇ ವೇಸ್ಟು ಅಂದರಲ್ಲ ಆ ಜನ!

ನನ್ನ ಹತ್ತಿರ ಈಗ ಉಳಿದಿರುವುದು ಚೀಟಿ, ಯುಪಿಐ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತುಕತೆ. ಅಷ್ಟನ್ನೇ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲು ಮಾಡಿದ್ದೇನೆ. ಇಂಥದೇ ಎಸ್ಟಿಮೇಟ್ ಚೀಟಿ ಹಿಡಿದು ಸುಮ್ನೆ ಕೂತಿರುವವರು ಇದ್ದರೆ ನೀವೂ ಫೋನ್ ಮಾಡಿ. ಅಂಗಡಿಯವರ ಮೆಸೇಜ್ ಮಾತ್ರ ಅಳಿಸಬೇಡಿ.